ಮೀನುಮರಿಗಳ ಲೆಕ್ಕದ ಜೊತೆ ಅವು ತಿಂದದ್ದೂ ಗೊತ್ತಾಗಲಿ

ಮಾನ್ಯ ಸಂಪಾದಕರೆ,

ಮಳೆಗಾಲ ಬಂತೆಂದರೆ ವಿಜಯಪುರ, ಬಾಗಲಕೋಟೆ ಜಿಲ್ಲೆಗಳ ಕೆರೆ, ಕೃಷಿ ಹೊಂಡಗಳಿಗೆ ಇಷ್ಟು ಲಕ್ಷ ಮೀನುಮರಿ ಬಿಡಲಾಯಿತು ಎಂಬ ಸುದ್ದಿ ಬರುತ್ತದೆ. ಆದರೆ ಅವುಗಳಲ್ಲಿ ಎಷ್ಟು ಬದುಕುತ್ತವೆ ಎಂಬುದು, ಮರಿ ಪಾಲನಾ ಕೊಳದಲ್ಲಿ ಮೊದಲ ಎರಡು ವಾರ ಅವಕ್ಕೆ ಏನು ತಿನ್ನಿಸಿದರು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಅದನ್ನು ಕೇಳುವ ರೂಢಿಯೇ ನಮ್ಮಲ್ಲಿಲ್ಲ.

ಕಾಟ್ಲಾ, ರೋಹು, ಮೃಗಾಲ್ ಮರಿಗಳು ಮೊಟ್ಟೆಯೊಡೆದ ಮೇಲೆ ಸುಮಾರು ಮೂರು ದಿನ ಹೊಟ್ಟೆಗಂಟಿದ ಹಳದಿ ಚೀಲದ ಮೇಲೆ ಬದುಕುತ್ತವೆ. ಅದು ಕರಗಿದೊಡನೆ ರೋಟಿಫರ್, ಮೊಯಿನಾದಂಥ ಸೂಕ್ಷ್ಮ ಜೀವಿಗಳು ಬಾಯಿಗೆ ಸಿಗಬೇಕು. ಕರುಳು ಇನ್ನೂ ಎಳೆಯದಿರುವುದರಿಂದ ಒಣ ಹಿಟ್ಟು ಸರಿಯಾಗಿ ಜೀರ್ಣವಾಗದು. ಅನೇಕ ಕಡೆ ಬರೀ ಶೇಂಗಾ ಹಿಂಡಿ, ಅಕ್ಕಿ ತೌಡು ಹಾಕಿ ಬೆಳೆಸುತ್ತಾರೆ. ಹಿಂಡಿಯಲ್ಲಿ ಪ್ರೋಟೀನ್ ಇದೆ, ಆದರೆ ಅದರಲ್ಲಿ ಬೆಳವಣಿಗೆಗೆ ಬೇಕಾದ ಲೈಸಿನ್, ಮೆಥಿಯೊನಿನ್ ಎಂಬ ಅಮೈನೊ ಆಮ್ಲಗಳು ಕಡಿಮೆ. ಒಮೆಗಾ-3 ಕೊಬ್ಬು ಇಲ್ಲವೆಂದೇ ಹೇಳಬೇಕು. ವಿಟಮಿನ್ ಸಿ ಕೊರತೆಯಾದರೆ ಬೆನ್ನುಮೂಳೆ ಡೊಂಕಾಗುತ್ತದೆ, ಕಿವಿರು ಮುಚ್ಚಳ ಪೂರ್ತಿ ಬೆಳೆಯುವುದಿಲ್ಲ. ಇಂಥ ಮರಿ ನೋಡಲು ಒಂದಿಂಚು ಇದ್ದರೂ ಸಾಗಣೆಯ ಬಿಸಿಲು, ಕುಲುಕಾಟ ತಾಳದು. ಬೂಸ್ಟು ಹಿಡಿದ ಹಿಂಡಿಯನ್ನಂತೂ ಹಾಕಲೇಬಾರದು, ಅದರಲ್ಲಿನ ಅಫ್ಲಟಾಕ್ಸಿನ್ ಎಂಬ ಬೂಸ್ಟಿನ ವಿಷ ಯಕೃತ್ತನ್ನು ಕೆಡಿಸುತ್ತದೆ.

ಮರಿ ತಿನ್ನುವ ಸೂಕ್ಷ್ಮ ಜೀವಿಗಳನ್ನು ಬೆಳೆಸಲು ಗೊಬ್ಬರವಾಗಿ ಹತ್ತು ಗುಂಟೆ ಕೊಳಕ್ಕೆ 75 ಕಿಲೋ ಶೇಂಗಾ ಹಿಂಡಿ, 20 ಕಿಲೋ ಹಸಿ ಸಗಣಿ, 5 ಕಿಲೋ ಸೂಪರ್ ಫಾಸ್ಫೇಟ್ ಬೇಕು. ಇವುಗಳ ಅರ್ಧವನ್ನು ನೆನೆಸಿ ರಾಡಿ ಮಾಡಿ, ಮರಿ ಬಿಡುವ ಎರಡು-ಮೂರು ದಿನ ಮೊದಲೇ ಹಾಕಿದರೆ ಸೂಕ್ಷ್ಮ ಜೀವಿಗಳು ಹುಟ್ಟುತ್ತವೆ. ಉಳಿದದ್ದನ್ನು ಕಂತುಗಳಲ್ಲಿ ಹಾಕಬೇಕು. ಇದರ ಜೊತೆ ಕೊಡುವ ಪೂರಕ ಆಹಾರ ಲಕ್ಷ ಮರಿಗೆ ಮೊದಲ ಐದು ದಿನ ದಿನಕ್ಕೆ 600 ಗ್ರಾಂ, ನಂತರ 1.2 ಕಿಲೋ. ಹಿಂಡಿ, ತೌಡು ಸಮ ಪ್ರಮಾಣದಲ್ಲಿರಲಿ, ವಸ್ತ್ರಗಾಳಿತವಾಗಿರಲಿ, ಎರಡು ಹೊತ್ತಿಗೆ ಹಂಚಿ ಹಾಕಲಿ. ಜಾಸ್ತಿ ಸುರಿದರೆ ತಳದಲ್ಲಿ ಕೊಳೆತು ಅಮೋನಿಯಾ ಏರುತ್ತದೆ, ನಸುಕಿನಲ್ಲಿ ಆಮ್ಲಜನಕ ಸಾಲದೆ ಮರಿ ಮೇಲೆ ಬಂದು ಬಾಯಿ ಬಿಡುತ್ತವೆ. ನಮ್ಮ ಭಾಗದ ಅಗಸಿ ಎಣ್ಣೆಯನ್ನು ಕಿಲೋ ಆಹಾರಕ್ಕೆ 20 ಗ್ರಾಂ ಬೆರೆಸಿದರೆ ಒಮೆಗಾ-3 ಕೊರತೆ ತಕ್ಕಮಟ್ಟಿಗೆ ನೀಗುತ್ತದೆ. ಆದರೆ ಬೇಗ ಕಮಟು ಹಿಡಿಯುವ ಎಣ್ಣೆ ಅದು, ಅಂದಂದೇ ಕಲಸಬೇಕು.

ಪ್ಲಾಸ್ಟಿಕ್ ಹಾಸಿದ ಕೃಷಿ ಹೊಂಡದವರು ಇದನ್ನು ಇನ್ನೂ ಗಮನಿಸಬೇಕು. ಮಣ್ಣಿನ ತಳವಿಲ್ಲದ ನೀರಿನಲ್ಲಿ ಸಹಜ ಆಹಾರ ತಾನಾಗಿ ಹುಟ್ಟುವುದು ಬಹಳ ಕಡಿಮೆ. ಅಲ್ಲಿಗೆ ಬಡಕಲು ಮರಿ ಬಿಟ್ಟರೆ ಚೇತರಿಸಿಕೊಳ್ಳಲು ಏನೂ ಸಿಗುವುದಿಲ್ಲ.

ಸಾಗಣೆಗೆ ಮುಂಚೆ ಮರಿಗಳನ್ನು ಒಂದು ದಿನ ಉಪವಾಸ ಇಡುವುದು ಸರಿಯಾದ ಕ್ರಮವೇ, ಇಲ್ಲದಿದ್ದರೆ ಚೀಲದ ನೀರು ಅವುಗಳ ಮಲದಿಂದಲೇ ಕೆಡುತ್ತದೆ. ಚೆನ್ನಾಗಿ ಉಂಡ ಮರಿ ಯಕೃತ್ತಿನಲ್ಲಿ ಕೂಡಿಟ್ಟದ್ದರಿಂದ ಆ ಉಪವಾಸ ತಡೆಯುತ್ತದೆ, ಅರೆಹೊಟ್ಟೆಯದು ದಾರಿಯಲ್ಲೇ ಸೋಲುತ್ತದೆ.

ಹಾಗಾಗಿ ಮರಿ ಕೊಡುವ ಕೇಂದ್ರಗಳು ರಸೀದಿಯಲ್ಲಿ ಸಂಖ್ಯೆಯ ಜೊತೆ ಮರಿಯ ವಯಸ್ಸು, ಉದ್ದ, ಹಾಕಿದ ಆಹಾರವನ್ನೂ ಬರೆಯಲಿ. ಇದನ್ನು ಮೀನುಗಾರಿಕೆ ಇಲಾಖೆ ಕಡ್ಡಾಯ ಮಾಡಬೇಕು. ರೈತರೂ ಹಣ ಕೊಡುವ ಮೊದಲು ಒಂದಷ್ಟು ಮರಿಗಳನ್ನು ನೀರು ತುಂಬಿದ ಬೋಗುಣಿಯಲ್ಲಿ ಹಾಕಿಸಿ, ನೀರನ್ನು ಕೈಯಿಂದ ಜೋರಾಗಿ ತಿರುವಿ ನೋಡಲಿ. ಗಟ್ಟಿ ಮರಿಗಳು ಸುಳಿಗೆ ಎದುರಾಗಿ ಅಂಚಿನಲ್ಲಿ ಈಜುತ್ತವೆ. ಹೆಚ್ಚಿನವು ನಡುವೆ ಗುಂಪುಗೂಡಿ ಸುತ್ತತೊಡಗಿದರೆ ಆ ಮರಿ ತರಬೇಡಿ.

– ಮೀನು ಕೃಷಿಕರು, ಕೊಲ್ಹಾರ, ವಿಜಯಪುರ ಜಿಲ್ಲೆ