ದೊಡ್ಡವ್ವನ ಹೆಸರು ಸಿಕ್ಕಿತು

ಮೂರು ವರ್ಷದಿಂದ ಹುಡುಕುತ್ತಿದ್ದ ಒಂದು ಹೆಸರು ಹೋದ ಗುರುವಾರ ಸಿಕ್ಕಿತು. ನಮ್ಮ ತಾತನ ಅಜ್ಜಿಯದು. ಮದ್ದೂರು ಕಡೆಯ ಹಳ್ಳಿಯವಳು. ಮನೆಯಲ್ಲಿ ಎಲ್ಲರ ಬಾಯಲ್ಲೂ ಅವಳು ಬರೀ ದೊಡ್ಡವ್ವ. ನಿಜವಾದ ಹೆಸರೇನು ಅಂತ ಕೇಳಿದರೆ ಅತ್ತೆ ನಕ್ಕುಬಿಟ್ಟಿದ್ದರು. "ದೊಡ್ಡವ್ವ ಅಂದ್ರೆ ದೊಡ್ಡವ್ವ ಕನ ಮಗ, ಅವ್ಳಿಗೆ ಇನ್ನೊಂದು ಹೆಸ್ರು ಯಾಕೆ?"

ಮೊದಲ ಥ್ಯಾಂಕ್ಸ್ ಆ ಅತ್ತೆಗೇ. ಹೆಸರು ಗೊತ್ತಿಲ್ಲದಿದ್ದರೂ ಕಥೆ ಉಳಿಸಿಕೊಂಡಿದ್ದವರು ಅವರು. ಧಾತು ಈಶ್ವರದ ಬರ, ಅಂದರೆ 1876–78ರ ಬರದಲ್ಲಿ, ಗಂಡ ಹೋದ, ಹಿರಿಮಗಳು ಹೋದಳು. ದೊಡ್ಡವ್ವ ಕೈಕೂಸನ್ನು ಸೊಂಟಕ್ಕೆ ಕಟ್ಟಿಕೊಂಡು ರೈಲು ದಾರಿಗೆ ಮಣ್ಣು ಹೊರಲು ಹೋದಳಂತೆ. ಬೆಂಗಳೂರು–ಮೈಸೂರು ರೈಲು ದಾರಿಯ ಮಣ್ಣಿನ ಕೆಲಸವನ್ನು ಆಗ ಬರಗಾಲದ ಕೂಲಿಯಾಗಿ ಕೊಡುತ್ತಿದ್ದರು. ಚಿಕ್ಕವನಿದ್ದಾಗ ಇದನ್ನೆಲ್ಲ ಸುಮ್ನೆ ಕೇಳಿ ಮರೆತಿದ್ದೆ. ದೊಡ್ಡವನಾದ ಮೇಲೆ ಜನಗಣತಿ ನೋಡಿದೆ. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ 50 ಲಕ್ಷಕ್ಕೂ ಜಾಸ್ತಿ ಜನ. 1881ರಲ್ಲಿ 42 ಲಕ್ಷವೂ ಇಲ್ಲ. ಕಡಿಮೆಯಾದವರಲ್ಲಿ ಇಬ್ಬರು ನಮ್ಮ ಮನೆಯವರು.

ಆಮೇಲೆ ನಮ್ಮ ಹೆಳವಣ್ಣನಿಗೆ. ಹೆಳವರು ಅಂದರೆ ಮನೆತನಗಳ ವಂಶಾವಳಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡು, ಮನೆಗೆ ಬಂದು ಹೇಳುವವರು. ಅವರ ಅಪ್ಪ ಎತ್ತಿನ ಮೇಲೆ ಕೂತು ಗಂಟೆ ಬಾರಿಸುತ್ತಾ ಬರುತ್ತಿದ್ದರು, ಇವರು ಬೈಕಿನಲ್ಲಿ ಬಂದರು. ಜಗಲಿ ಮೇಲೆ ಕೂತು ಏಳು ತಲೆಮಾರು ಒಂದೇ ಉಸಿರಿಗೆ ಹೇಳಿದರು. ಎಲ್ಲ ಗಂಡಸರೇ! ಹೆಂಗಸರು ಎಲ್ಲಿ ಅಂದರೆ ತಲೆ ಕೆರೆದುಕೊಂಡರು. ಆದರೆ ದೊಡ್ಡವ್ವನ ಮಾವನ ಹೆಸರೂ, ಹುಣಸೆಮರದ ಹೊಲ ಅನ್ನೋ ಗುರುತೂ ಸಿಕ್ಕಿದ್ದು ಅವರಿಂದಲೇ.

ಅದನ್ನು ಹಿಡಿದು ಹಳೆ ಸರ್ವೆ ದಾಖಲೆ ಹುಡುಕಲು ಹೊರಟೆ. ಒಂದು ಕಚೇರಿಯಲ್ಲಿ ನಾಲ್ಕು ಸಲ 'ನಾಳೆ ಬನ್ನಿ'. ಅದು ಬಿಡಿ. ಇನ್ನೊಂದು ಕಡೆಯ ಅಟೆಂಡರ್ ಊಟದ ಹೊತ್ತು ಬಿಟ್ಟು, ಏಣಿ ಹತ್ತಿ, ಕೆಂಪು ಬಟ್ಟೆಯ ಗಂಟು ಇಳಿಸಿಕೊಟ್ಟರು. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುಗಿಸಲು ಹೋದಾಗ ಚೆನ್ನಾಗಿ ಬೈದರು. ಬೈದಿದ್ದಕ್ಕೂ ಥ್ಯಾಂಕ್ಸ್ ಸಾರ್.

ಆ ಕೈಬರಹ ನನಗೆ ಎಲ್ಲಿ ಅರ್ಥವಾಗಬೇಕು? ಒಂದಕ್ಷರದ ಬಾಲ ಇನ್ನೊಂದು ಹಿಡಿದುಕೊಂಡಿತ್ತು. ಫೋಟೋ ತೆಗೆದುಕೊಂಡು ನಮ್ಮೂರಿನ ಮೇಷ್ಟ್ರ ಹತ್ತಿರ ಹೋದೆ. ಅವರ ತಾತ ಶಾನುಭೋಗರು, ಅಂದರೆ ಊರಿನ ಜಮೀನಿನ ಲೆಕ್ಕ ಬರೆಯುತ್ತಿದ್ದವರು. ಭೂತಗನ್ನಡಿ ಹಿಡಿದು ಒಂದು ಸಾಲಿನ ಹತ್ತಿರ ನಿಂತರು. "ಇದು 'ಬಿನ್' ಅಲ್ಲಪ್ಪ, 'ಕೋಂ'." ಪುಟದ ತುಂಬ ಇಂಥವನು ಬಿನ್ ಇಂಥವನು, ಅಪ್ಪ-ಮಕ್ಕಳ ಹೆಸರು. ಅದೇ ಧಾಟಿಯಲ್ಲಿ ಓದಿಕೊಂಡು ಆ ಸಾಲನ್ನು ನಾನು ಎರಡು ಸಲ ದಾಟಿ ಹೋಗಿದ್ದೆ. ಕೋಂ ಅಂದರೆ ಹೆಂಡತಿ. ಅದರ ಮುಂದೆ ಸತ್ತ ಗಂಡನ ಹೆಸರು, ಹಿಂದೆ ಅವಳದು. 1 ಎಕರೆ 30 ಗುಂಟೆ ಖುಷ್ಕಿ, ಅಂದರೆ ಮಳೆ ನಂಬಿದ ಹೊಲ. ಮಣ್ಣು ಹೊತ್ತು ಬದುಕಿದವಳು ಊರಿಗೆ ವಾಪಸ್ ಬಂದು ಹೊಲ ತನ್ನ ಹೆಸರಲ್ಲೇ ಉಳಿಸಿಕೊಂಡಿದ್ದಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ನಾನೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಹೆಸರು ಇಲ್ಲಿ ಬರೆಯುತ್ತಿಲ್ಲ, ಬೇಜಾರು ಮಾಡ್ಕೋಬೇಡಿ. ತಂಗಿಯ ಮಗುವಿಗೆ ಅದನ್ನೇ ಇಡುತ್ತಿದ್ದೇವೆ. ನಾಮಕರಣದ ತನಕ ಬಾಯಿ ಬಿಡಬಾರದು ಅಂತ ಅತ್ತೆಯ ಅಪ್ಪಣೆ. ಮೇಷ್ಟ್ರು, ಅಟೆಂಡರ್ ಸಾರ್, ಹೆಳವಣ್ಣ, ಮೂವರೂ ಬರಲೇಬೇಕು. ಹೆಳವಣ್ಣನಿಗೆ ಒಂದು ಮೂಟೆ ರಾಗಿ ತೆಗೆದಿಟ್ಟಿದ್ದೇವೆ. ದೊಡ್ಡವ್ವನಿಗೆ ಒಂದು ಸಾಲು ಬರೆದುಕೊಡುತ್ತೇನೆ ಅಂದಿದ್ದಾರೆ. ಪುಸ್ತಕ ಮರೆತು ಬರಬೇಡಿ ಅಂತ ನಿನ್ನೆಯೇ ಫೋನ್ ಮಾಡಿದೆ.