ಭಾನುವಾರದ ಮಾತುಕತೆ: ನಮ್ಮ ಬೆಳಗಾವಿ ಜಿಲ್ಲೆಯ ಉದ್ಯಮಿಗಳು

ಎಲ್ಲರಿಗೂ ನಮಸ್ಕಾರ್ರಿ.

ಈ ಭಾನುವಾರ ಸಂಜೆ 5ಕ್ಕೆ ಸೇರುತ್ತಿದ್ದೇವೆ. ಜಾಗ ಹೋದ ಸಲದ್ದೇ.

ಮೊದಲು ಲಕ್ಷ್ಮಣರಾವ್ ಕಿರ್ಲೋಸ್ಕರ್ ಬಗ್ಗೆ. ಹುಟ್ಟಿದ್ದು 1869ರಲ್ಲಿ, ನಮ್ಮ ಗುರ್ಲಹೊಸೂರಿನಲ್ಲಿ. ಚಿತ್ರಕಲೆ ಕಲಿಯಲು ಮುಂಬೈಗೆ ಹೋದರು, ಬಣ್ಣ ಸರಿಯಾಗಿ ಗುರುತಿಸಲಾಗದೆ ಅದನ್ನು ಬಿಟ್ಟರು. ಅಲ್ಲೇ ತಾಂತ್ರಿಕ ಶಾಲೆಯಲ್ಲಿ ಮೇಷ್ಟರಾದರು. ಬರಬೇಕಿದ್ದ ಬಡ್ತಿ ಬೇರೆಯವರಿಗೆ ಹೋದಾಗ ಕೆಲಸ ಬಿಟ್ಟು ಬೆಳಗಾವಿಗೆ ಬಂದು, ಅಣ್ಣ ರಾಮಣ್ಣನವರ ಜೊತೆ ಸೈಕಲ್ ವ್ಯಾಪಾರ ನಡೆಸಿದರು. ಆಮೇಲೆ ಮೇವು ಕತ್ತರಿಸುವ ಯಂತ್ರ, ಕಬ್ಬಿಣದ ನೇಗಿಲು. ಕಬ್ಬಿಣ ತಾಗಿದರೆ ಭೂಮಿಗೆ ವಿಷ ಏರುತ್ತದೆ ಅಂತ ರೈತರು ಹೆದರಿದ್ದರಂತೆ! ನೇಗಿಲು ಮಾಡುವುದಕ್ಕಿಂತ ಈ ಹೆದರಿಕೆ ಬಿಡಿಸುವುದೇ ಜಾಸ್ತಿ ಕಷ್ಟದ ಕೆಲಸ ಅಂತ ನನ್ನ ಲೆಕ್ಕ.

ಊರಿನ ಹೊಸ ಬಡಾವಣೆಗಾಗಿ ಕಾರ್ಖಾನೆಯ ಜಾಗ ಬಿಡಬೇಕಾಯಿತು. ಔಂಧ ಸಂಸ್ಥಾನದ ರಾಜರು ಜಾಗ ಕೊಟ್ಟರು. 1910ರಲ್ಲಿ ಕಿರ್ಲೋಸ್ಕರವಾಡಿ ಶುರುವಾಯಿತು. ಅದೀಗ ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ನಮ್ಮೂರು ಕಳಕೊಂಡಿದ್ದು ಸಣ್ಣದಲ್ಲ, ಅಲ್ವಾ?

ಈಗಿನ ಕಾಲಕ್ಕೆ ಅರವಿಂದ ಮೆಳ್ಳಿಗೇರಿ ಅವರ ಏಕಸ್ ಕಂಪನಿ. ಹತ್ತರಗಿ ಹತ್ತಿರ ಹೆದ್ದಾರಿ ಪಕ್ಕ ಇದೆ, ವಿಮಾನದ ಬಿಡಿಭಾಗ ಮಾಡುತ್ತಾರೆ. ಏರ್‌ಬಸ್, ಬೋಯಿಂಗ್‌ಗೂ ಹೋಗುತ್ತವೆ. ಇದರ ಬಗ್ಗೆ ಅಲ್ಲಿ ಕೆಲಸ ಮಾಡಿದವರೇ ಮಾತಾಡಿದರೆ ಚಲೋ. ಹೆಸರು ಕೊಡಿ.

ಫೌಂಡ್ರಿ, ಲೇತ್ ಕೆಲಸದವರೂ ಬರಲೇಬೇಕು. ದೊಡ್ಡ ಹೆಸರುಗಳಷ್ಟೇ ಉದ್ಯಮವಲ್ಲ.

ಮನೆಯಲ್ಲಿ ಹಳೆ ಕಿರ್ಲೋಸ್ಕರ್ ನೇಗಿಲು, ಪಂಪು ಇದ್ದರೆ ಫೋಟೋ ಹಾಕಿ. ಸುಮ್ನೆ ಫಾರ್ವರ್ಡ್ ಬೇಡ. ಬರುವವರು ಶುಕ್ರವಾರದೊಳಗೆ ತಿಳಿಸಿ, ಚಹಾ, ಗಿರ್ಮಿಟ್‌ಗೆ ಹೇಳಬೇಕು.