ಲೀಡ್ಸ್‌ನಿಂದ ಸಕಲೇಶಪುರಕ್ಕೆ: ಶ್ರೀರಂಗಪಟ್ಟಣದ ಪುಟ್ಟ ಸೈನಿಕರು

ಲೀಡ್ಸ್,
ಮಾರ್ಚ್ ಕೊನೆಯ ವಾರ

ತೀರ್ಥರೂಪು ಅಪ್ಪನಿಗೂ ಮಾತೃಶ್ರೀ ಅಮ್ಮನಿಗೂ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಕ್ಷೇಮ. ಹೂಮಳೆ ಸಕಾಲಕ್ಕೆ ಬಿದ್ದು ಕಾಫಿ ಹೂವಾಗಿದೆ ಎಂದು ತಮ್ಮ ಹೇಳಿದ ಮೇಲೆ ಸಮಾಧಾನವಾಯಿತು. ಶನಿವಾರ ಮಧ್ಯಾಹ್ನ ಫೋನು ಏಕೆ ಎತ್ತುವುದಿಲ್ಲವೆಂದು ಅಮ್ಮ ಕೇಳಿದಾಗ 'ಗೊಂಬೆಗಳಿಗೆ ಬಣ್ಣ ಹಚ್ಚುತ್ತಿರುತ್ತೇನೆ' ಎಂದದ್ದಕ್ಕೆ, 'ಅದಕ್ಕೆ ಅಷ್ಟು ದೂರ ಹೋಗಬೇಕಾಗಿತ್ತೇ' ಎಂದು ಅಪ್ಪ ಹಿಂದಿನಿಂದ ನಕ್ಕದ್ದು ನನಗೂ ಕೇಳಿಸಿತು. ಫೋನಿನಲ್ಲಿ ಹೇಳಿ ಮುಗಿಯುವ ಸಂಗತಿಯಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ನನ್ನ ಮನೆಯ ಹತ್ತಿರದ ಚರ್ಚಿನ ಸಭಾಂಗಣದಲ್ಲಿ ಕೆಲವರು ಸ್ವಯಂಸೇವಕರು ಸೇರಿ ಹಳೆಯ ಯುದ್ಧಗಳ ಮಾದರಿಗಳನ್ನು ಮಾಡುತ್ತಾರೆ. ಇಲ್ಲಿಯವರು ಇದನ್ನು ಡಯೋರಾಮಾ ಎನ್ನುತ್ತಾರೆ. ದೊಡ್ಡ ಹಲಗೆಗಳ ಮೇಲೆ ನೆಲ, ನದಿ, ಕೋಟೆಗಳನ್ನು ಕಟ್ಟಿ, ಒಂದು ಯುದ್ಧದ ಒಂದೇ ಒಂದು ಗಳಿಗೆಯನ್ನು ಆರಿಸಿಕೊಂಡು, ಆ ಗಳಿಗೆಯಲ್ಲಿ ಯಾರು ಎಲ್ಲಿ ನಿಂತಿದ್ದರೋ ಅಲ್ಲಿ ಪುಟ್ಟ ಸೈನಿಕರನ್ನು ನಿಲ್ಲಿಸುವುದು ಇದರ ಕ್ರಮ. ಈ ವರ್ಷ ಅವರು ಕೈಗೆತ್ತಿಕೊಂಡಿರುವುದು ನಮ್ಮ ಶ್ರೀರಂಗಪಟ್ಟಣವನ್ನು: 1799ರ ಮೇ 4, ಮಧ್ಯಾಹ್ನ ಒಂದು ಗಂಟೆಯ ನಂತರ, ಇಂಗ್ಲಿಷರ ಪಡೆ ಕಾವೇರಿಯನ್ನು ದಾಟಿ ಕೋಟೆಯ ವಾಯವ್ಯ ಮೂಲೆಯಲ್ಲಿ ಫಿರಂಗಿಗಳಿಂದ ಗೋಡೆ ಒಡೆದು ಮಾಡಿದ ಬಿರುಕನ್ನು ಏರುತ್ತಿರುವ ಗಳಿಗೆ. ಗ್ರಂಥಾಲಯದ ಸೂಚನಾ ಫಲಕದಲ್ಲಿ 'ಸೆರಿಂಗಪಟಂ' ಎಂದು ಓದಿದಾಗ ನಾನು ಸುಮ್ಮನೆ ನೋಡಿ ಬರೋಣವೆಂದು ಹೋದವಳು. ಅಲ್ಲಿದ್ದವರಲ್ಲಿ ಯಾರೂ ಆ ನದಿಯನ್ನು ಕಣ್ಣಾರೆ ಕಂಡಿರಲಿಲ್ಲ. ಬೇಸಿಗೆಯಲ್ಲಿ ಕಾವೇರಿಯ ಬಂಡೆಗಳು ಯಾವ ಬಣ್ಣಕ್ಕೆ ತಿರುಗುತ್ತವೆ ಎಂಬ ಅವರ ಮೊದಲ ಪ್ರಶ್ನೆಗೆ ಉತ್ತರ ಹೇಳಿದ ಕ್ಷಣದಿಂದ ನನ್ನನ್ನು ಅವರು ಬಿಡಲಿಲ್ಲ.

ಗೊಂಬೆಯೆಂದರೆ ಎಷ್ಟು ದೊಡ್ಡದೆಂದು ಅಮ್ಮ ಕೇಳಬಹುದು. ನಿಜವಾದ ಅಳತೆಯ ಎಪ್ಪತ್ತೆರಡನೆಯ ಒಂದು ಭಾಗ. ಸೈನಿಕನ ಎತ್ತರ ಎರಡೂವರೆ ಸೆಂಟಿಮೀಟರಿಗಿಂತ ಕಡಿಮೆ, ಅಂದರೆ ಅವನ ಮುಖ ಒಂದು ಕಾಳುಮೆಣಸಿಗಿಂತಲೂ ಚಿಕ್ಕದು. ಅಚ್ಚಿನಿಂದ ತೆಗೆದ ಗೊಂಬೆಯನ್ನು ಮೊದಲು ಸೋಪಿನ ನೀರಿನಲ್ಲಿ ತೊಳೆಯಬೇಕು, ಏಕೆಂದರೆ ಅಚ್ಚಿನ ಜಿಡ್ಡು ಉಳಿದರೆ ಬಣ್ಣ ಹಿಡಿಯುವುದಿಲ್ಲ. ಅಂಚಿನಲ್ಲಿ ಉಳಿದ ಗೆರೆಯನ್ನು ಸಣ್ಣ ಚಾಕುವಿನಿಂದ ಹೆರೆದು, ಬೂದುಬಣ್ಣದ ಪ್ರೈಮರ್, ಅಂದರೆ ಅಡಿಬಣ್ಣ, ಹೊಡೆದು, ಆಮೇಲೆ ಐಸ್‌ಕ್ರೀಮ್ ಕಡ್ಡಿಯ ಮೇಲೆ ಸಾಲಾಗಿ ಅಂಟಿಸುತ್ತೇವೆ. ಒಬ್ಬ ಸೈನಿಕನನ್ನು ಪೂರ್ತಿ ಮುಗಿಸಿ ಇನ್ನೊಬ್ಬನಿಗೆ ಹೋಗುವ ಪದ್ಧತಿಯಿಲ್ಲ. ಸಾಲಿನಲ್ಲಿರುವ ಎಲ್ಲರಿಗೂ ಮೊದಲು ಚಲ್ಲಣ, ಬಳಿಕ ಅಂಗಿ, ಬಳಿಕ ಮುಖ, ಕೈ, ಬಂದೂಕು ಎಂದು ಒಂದೊಂದೇ ಬಣ್ಣ ಸಾಗುತ್ತದೆ. ಕೊನೆಗೆ ತೆಳುವಾದ ಕಂದು ಬಣ್ಣದ ನೀರನ್ನು ಮೈತುಂಬ ಹರಿಸಿದರೆ ಅದು ಬಟ್ಟೆಯ ಮಡಿಕೆಗಳಲ್ಲಿ, ಬೆರಳ ಸಂದಿಗಳಲ್ಲಿ ಇಳಿದು ನೆರಳಾಗುತ್ತದೆ. ಅಲ್ಲಿಯವರೆಗೆ ಚಪ್ಪಟೆಯಾಗಿ ಕಾಣುತ್ತಿದ್ದವನು ಆಗ ತಟ್ಟನೆ ಮೈತುಂಬಿಕೊಳ್ಳುತ್ತಾನೆ. ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ.

ಇವರ ಶ್ರದ್ಧೆಯನ್ನು ಅಪ್ಪ ನೋಡಬೇಕಿತ್ತು. ದಾಳಿ ಮಾಡಿದ ಇಂಗ್ಲಿಷ್ ರೆಜಿಮೆಂಟುಗಳ ಕೆಂಪು ಕೋಟುಗಳೆಲ್ಲ ನಮಗೆ ಒಂದೇ ತರಹ ಕಂಡರೂ ಕಾಲರು, ತೋಳಿನ ಪಟ್ಟಿಗಳ ಬಣ್ಣ ಬೇರೆ ಬೇರೆ: 12ನೆಯದಕ್ಕೆ ಹಳದಿ, 33ನೆಯದಕ್ಕೆ ಕೆಂಪು, 73ನೆಯದಕ್ಕೆ ಕಡುಹಸಿರು, 74ನೆಯದಕ್ಕೆ ಬಿಳಿ. ನಿವೃತ್ತ ಬಸ್ ಚಾಲಕರೊಬ್ಬರು ಇದನ್ನೆಲ್ಲ ಬಾಯಿಪಾಠವಾಗಿ ಹೇಳುತ್ತಾರೆ. ಯಾವ ಹುಡುಗನಾದರೂ ಹಳದಿಯ ಜಾಗದಲ್ಲಿ ಹಸಿರು ಹಚ್ಚಿದರೆ ಮಾತಿಲ್ಲದೆ ಅದನ್ನು ಎತ್ತಿಕೊಂಡು ತಾವೇ ತಿದ್ದುತ್ತಾರೆ. ಅವರ ಬಳಿ ಗುಂಡಿಗಳ ಅಂತರದವರೆಗೆ ದಾಖಲೆಗಳಿವೆ. ಆದರೆ ಕೋಟೆಯ ಮೇಲಿರುವ ಮೈಸೂರಿನವರ ಸರದಿ ಬಂದಾಗ ಅವರ ಕೈಯಲ್ಲಿದ್ದದ್ದು ಒಂದೆರಡು ವಾಕ್ಯಗಳು ಮಾತ್ರ. ಟಿಪ್ಪುವಿನ ಕಾಲಾಳುಗಳು ನೇರಳೆ ಬಣ್ಣದ ಅಂಗಿಯ ಮೇಲೆ ಹುಲಿಪಟ್ಟೆಯ ಹಾಗೆ ಬಿಳಿ ಗುರುತುಗಳನ್ನು ತೊಡುತ್ತಿದ್ದರು, ತಲೆಗೆ ಕೆಂಪು ರುಮಾಲು ಸುತ್ತುತ್ತಿದ್ದರು ಎಂದು ಆ ಕಾಲದ ಇಂಗ್ಲಿಷ್ ಅಧಿಕಾರಿಗಳು ಬರೆದಿಟ್ಟಿದ್ದಾರೆ. ಅಷ್ಟನ್ನೇ ಹಿಡಿದು ಎಲ್ಲರಿಗೂ ಅದೇ ಅಂಗಿ, ಅದೇ ರುಮಾಲು, ಅದೇ ಮುಖ ಹಚ್ಚಿಬಿಡುವ ಯೋಜನೆ ಅವರದಾಗಿತ್ತು. ಕೋಟೆಯ ಗೋಡೆಯ ಮೇಲೆ ಎಲ್ಲ ಸೈನಿಕರೂ ಅಣ್ಣತಮ್ಮಂದಿರಂತೆ ನಿಂತಿರುವುದು ನನಗೆ ಸರಿಕಾಣಲಿಲ್ಲ. ಅಲ್ಲಿ ಸಮವಸ್ತ್ರ ತೊಟ್ಟ ಪಡೆಗಳ ಜೊತೆಗೆ ತಮ್ಮ ಊರಿನ ಉಡುಪಿನಲ್ಲೇ ಬಂದ ಕಂದಾಚಾರದವರೂ, ಅಂದರೆ ಊರೂರಿನ ಕಾವಲು ಪಡೆಯವರೂ, ಇದ್ದಿರಬೇಕು ಎಂದು ವಾದಿಸಿ, ಒಂದಷ್ಟು ಗೊಂಬೆಗಳಿಗೆ ಮಾಸಿದ ಬಿಳಿ, ಕಾವಿ, ಕಡುನೀಲಿ ಬಟ್ಟೆಗಳನ್ನು ಹಚ್ಚುವ ಒಪ್ಪಿಗೆ ಪಡೆದೆ. ಈಗ ಮೈಸೂರಿನ ಕಡೆಯ ಮೇಜು ನನ್ನ ಉಸ್ತುವಾರಿಯಲ್ಲಿದೆ.

ಇನ್ನೂ ದೊಡ್ಡ ಚರ್ಚೆ ನಡೆದದ್ದು ಇಂಗ್ಲಿಷರ ಕಡೆಯ ಮೇಜಿನ ಬಗ್ಗೆಯೇ. ಜನರಲ್ ಹ್ಯಾರಿಸ್‌ನ ಕೈಕೆಳಗೆ, ನಿಜಾಮನ ಪಡೆಯೂ ಸೇರಿ, ಐವತ್ತು ಸಾವಿರದಷ್ಟು ಜನ ಬಂದಿದ್ದರು. ಅವರಲ್ಲಿ ಬಹುಪಾಲು ನಮ್ಮ ದೇಶದವರೇ. ಡೇವಿಡ್ ಬೇರ್ಡ್‌ನ ನೇತೃತ್ವದಲ್ಲಿ ನದಿಗೆ ಇಳಿದ ನಾಲ್ಕು ಸಾವಿರಕ್ಕೂ ಮಿಕ್ಕಿದ ದಾಳಿಯ ಪಡೆಯಲ್ಲೂ ಮದ್ರಾಸು, ಬೊಂಬಾಯಿಗಳ ಸಿಪಾಯಿಗಳು ಎರಡು ಸಾವಿರದ ಹತ್ತಿರ ಹತ್ತಿರ ಇದ್ದರು. ಅಂದರೆ ಕೆಂಪು ಕೋಟಿನವರಲ್ಲೂ ಅರ್ಧಕ್ಕೆ ಸ್ವಲ್ಪವೇ ಕಡಿಮೆ ಜನರ ಮುಖ ನಮ್ಮ ಬಣ್ಣದ್ದೇ ಆಗಬೇಕು. ಇದನ್ನು ನಾನು ಹೇಳಿದಾಗ ಬಸ್ ಚಾಲಕರು ತಮ್ಮ ಪುಸ್ತಕವನ್ನು ತೆರೆದು ಲೆಕ್ಕ ನೋಡಿ, ಏನೂ ಬೇಸರವಿಲ್ಲದೆ, ಮುಗಿದಿದ್ದ ಎರಡು ಕಡ್ಡಿ ಸೈನಿಕರನ್ನು ಬದಿಗಿಟ್ಟು ಸಿಪಾಯಿಗಳ ಅಚ್ಚನ್ನು ತರಿಸಿದರು. ಆ ಸಿಪಾಯಿಗಳ ವೇಷ ವಿಚಿತ್ರವಾಗಿದೆ: ಮೇಲೆ ಇಂಗ್ಲಿಷರ ಕೆಂಪು ಕೋಟು, ಕೆಳಗೆ ತೊಡೆಯ ಮಧ್ಯಕ್ಕೆ ನಿಲ್ಲುವ ಬಿಳಿ ಚಡ್ಡಿ, ಅದರ ಅಂಚಿಗೆ ನೀಲಿಯ ಹಲ್ಲುಹಲ್ಲಾದ ಗೆರೆ, ಬರಿಗಾಲು ಇಲ್ಲವೇ ಚಪ್ಪಲಿ. ಆ ನೀಲಿ ಹಲ್ಲುಗಳನ್ನು ಎಳೆಯುವಾಗ ಉಸಿರು ಬಿಗಿಹಿಡಿಯಬೇಕಾಗುತ್ತದೆ. ಕುಂಚದ ತುದಿ ಒಂದು ಕೂದಲಷ್ಟು ಆಚೀಚೆಯಾದರೂ ಗೆರೆ ಮಂಡಿಗೆ ಇಳಿಯುತ್ತದೆ.

ಮೈಬಣ್ಣದ ವಿಷಯದಲ್ಲಿ ನಾನು ಹಟಮಾಡಿದೆ. ಅಂಗಡಿಯಲ್ಲಿ ಮಾರುವ ಒಂದೇ ಕಂದು ಬಣ್ಣವನ್ನು ಎಲ್ಲರಿಗೂ ಬಳಿದರೆ ಮುಖಗಳು ಮಣ್ಣಿನ ಉಂಡೆಗಳಾಗುತ್ತವೆ. ಕಂದಿಗೆ ಹಳದಿ ಮಣ್ಣಿನ ಬಣ್ಣವನ್ನೂ ಚೂರು ಕೆಂಪನ್ನೂ ಬೆರೆಸಿ ನಾಲ್ಕೈದು ಬೇರೆ ಬೇರೆ ಹದ ಮಾಡಿಟ್ಟುಕೊಂಡಿದ್ದೇನೆ. ಬಿಸಿಲಿನಲ್ಲಿ ನಿಂತವನ ಹಣೆ ಮತ್ತು ಮೂಗಿನ ತುದಿಗೆ ತಿಳಿಬಣ್ಣದ ಒಂದೊಂದು ಚುಕ್ಕೆ, ರುಮಾಲಿನ ಕೆಳಗೆ ಕಡುಬಣ್ಣದ ಒಂದು ಗೆರೆ ಇಟ್ಟರೆ ಸಾಕು. ಕಣ್ಣು ಬರೆಯುವುದಿಲ್ಲ. ಈ ಅಳತೆಯಲ್ಲಿ ಕಣ್ಣು ಬರೆದರೆ ಎಲ್ಲರೂ ಬೆಚ್ಚಿಬಿದ್ದವರಂತೆ ಕಾಣುತ್ತಾರೆ.

ಅಳತೆಯ ತೊಂದರೆ ನೆಲದಲ್ಲೂ ಇದೆ. ದಾಳಿ ನಡೆದ ಕಡೆ ಕಾವೇರಿಯ ಅಗಲ ಸುಮಾರು 250 ಮೀಟರು. ಸೈನಿಕರ ಅಳತೆಗೇ ನದಿಯನ್ನೂ ಮಾಡಲು ಹೊರಟರೆ ನೀರೊಂದಕ್ಕೇ ಮೂರೂವರೆ ಮೀಟರು ಹಲಗೆ ಬೇಕು. ಆದ್ದರಿಂದ ನದಿಯನ್ನು ಕುಗ್ಗಿಸಿದ್ದಾರೆ. ನೀರು ಆಳವಿಲ್ಲದೆ ಬಂಡೆಗಳ ನಡುವೆ ಹರಿಯುತ್ತಿರುವುದನ್ನು ತೋರಿಸುವುದು ಮಾತ್ರ ಬಹಳ ಮುಖ್ಯವಾಗಿತ್ತು, ಏಕೆಂದರೆ ಮುಂಗಾರು ಬಂದು ಹೊಳೆ ತುಂಬುವ ಮೊದಲೇ ಕೋಟೆ ಹಿಡಿಯಬೇಕೆಂಬ ಅವಸರ ಇಂಗ್ಲಿಷರಿಗಿತ್ತು. ಮಧ್ಯಾಹ್ನವನ್ನು ಆರಿಸಿಕೊಂಡದ್ದೂ ಕೋಟೆಯವರು ಊಟ, ವಿಶ್ರಾಂತಿಯಲ್ಲಿರುವ ಹೊತ್ತೆಂದೇ.

ಟಿಪ್ಪುವಿನ ಗೊಂಬೆಯನ್ನು ಎಲ್ಲಿ ನಿಲ್ಲಿಸಬೇಕೆಂಬುದಕ್ಕೆ ಒಂದು ಸಂಜೆ ಪೂರ್ತಿ ಹೋಯಿತು. ಅವನ ಬಗ್ಗೆ ನಮ್ಮ ಜಗಲಿಯಲ್ಲೇ ಅಪ್ಪನದೊಂದು, ಚಿಕ್ಕಪ್ಪನದೊಂದು ಅಭಿಪ್ರಾಯವಿರುವುದು ಇಲ್ಲಿಯವರಿಗೆ ತಿಳಿಯದು. ನಾನೂ ಹೇಳಲು ಹೋಗಲಿಲ್ಲ. ದಾಳಿಯ ಸುದ್ದಿ ಬಂದಾಗ ಅವನು ಉತ್ತರದ ಗೋಡೆಯ ಬಳಿ ಊಟಕ್ಕೆ ಕುಳಿತಿದ್ದನೆಂದು ತಿಳಿದಿರುವುದರಿಂದ ಅಲ್ಲಿಯೇ, ಬಿರುಕಿನಿಂದ ದೂರದಲ್ಲಿ, ನಿಲ್ಲಿಸುವುದೆಂದು ತೀರ್ಮಾನವಾಯಿತು. ಹತ್ತಿರ ಬಂದು ಹುಡುಕದವರಿಗೆ ಅವನು ಕಾಣಿಸುವುದೇ ಇಲ್ಲ. ಬೇರ್ಡ್ ಮಾತ್ರ ಬಿರುಕಿನ ಎದುರಿಗೇ ಕತ್ತಿ ಎತ್ತಿ ನಿಂತಿದ್ದಾನೆ. ಮೈಸೂರಿನವರು ಇಂಗ್ಲಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಯುದ್ಧದಲ್ಲಿ ಸೆರೆಸಿಕ್ಕು ಇದೇ ಶ್ರೀರಂಗಪಟ್ಟಣದಲ್ಲಿ 1784ರವರೆಗೆ ಬಂದಿಯಾಗಿದ್ದವನಾದ್ದರಿಂದ ಆ ಜಾಗ ಅವನಿಗೆ ಸಲ್ಲುತ್ತದೆ.

ಇಂತಹ ಮಾದರಿಗಳಲ್ಲಿ ಯಾರನ್ನು ಎಷ್ಟು ತೋರಿಸಬೇಕೆಂಬ ಜಗಳ ಹಳೆಯದು. ವಿಲಿಯಂ ಸೈಬೋರ್ನ್ ಎಂಬ ಸೇನಾಧಿಕಾರಿ 1830ರಲ್ಲಿ ವಾಟರ್ಲೂ ಯುದ್ಧದ ಮಾದರಿಗೆ ಕೈಹಾಕಿ, ರಣಭೂಮಿಯ ತೋಟದ ಮನೆಯೊಂದರಲ್ಲಿ ಎಂಟು ತಿಂಗಳು ಉಳಿದು ನೆಲವನ್ನು ಅಳೆದು, ಬದುಕಿದ್ದ ಅಧಿಕಾರಿಗಳಿಗೆಲ್ಲ ಪತ್ರ ಬರೆದು ಅವರವರು ನಿಂತಿದ್ದ ಜಾಗ ಕೇಳಿದ. ಎಪ್ಪತ್ತು ಸಾವಿರಕ್ಕೂ ಹೆಚ್ಚು ಲೋಹದ ಸೈನಿಕರಿದ್ದ ಆ ಮಾದರಿ 1838ರಲ್ಲಿ ಪ್ರದರ್ಶನಗೊಂಡಿತು. ಈಗ ಲಂಡನ್ನಿನ ನ್ಯಾಷನಲ್ ಆರ್ಮಿ ಮ್ಯೂಸಿಯಮ್ಮಿನಲ್ಲಿದೆ. ಸರ್ಕಾರ ಹಣ ಕೊಡುವುದನ್ನು ನಿಲ್ಲಿಸಿದ್ದರಿಂದ ಅವನು ಸಾಲದಲ್ಲಿ ಮುಳುಗಿದ. ಸಾಲದ್ದಕ್ಕೆ, ಇಂಗ್ಲಿಷರ ಜೊತೆಗೂಡಿ ಹೋರಾಡಿದ ಪ್ರಷ್ಯದ ಸೈನಿಕರನ್ನು ಹೆಚ್ಚು ತೋರಿಸಿದ್ದಾನೆಂದು, ವಾಟರ್ಲೂವಿನಲ್ಲಿ ಇಂಗ್ಲಿಷರ ಸೇನಾಪತಿಯಾಗಿದ್ದ ವೆಲ್ಲಿಂಗ್ಟನ್ ಡ್ಯೂಕನ ಅಸಮಾಧಾನಕ್ಕೂ ಗುರಿಯಾಗಿ, ಕೊನೆಗೆ ಅವರ ಸಂಖ್ಯೆಯನ್ನು ಇಳಿಸಬೇಕಾಯಿತು. ಆ ಡ್ಯೂಕನೇ 1799ರಲ್ಲಿ ಶ್ರೀರಂಗಪಟ್ಟಣದ ಹೊರಗೆ ಮೀಸಲು ಪಡೆಯೊಡನೆ ನಿಂತಿದ್ದ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಸೈಬೋರ್ನ್ ಮಾಡಿದ ಎರಡನೆಯ ಮಾದರಿ ಲೀಡ್ಸ್‌ನ ರಾಯಲ್ ಆರ್ಮರೀಸ್‌ಗೆ ಸೇರಿದ್ದು. ನೀವು ಇಲ್ಲಿಗೆ ಬಂದರೆ ಆ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋಗುತ್ತೇನೆ.

ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯನ್ನು ಮೇಲಿನಿಂದ ತೆಗೆದ ಚಿತ್ರವನ್ನು ಒಮ್ಮೆ ಇವರಿಗೆ ತೋರಿಸಿದೆ. 1792ರಲ್ಲಿ ಟಿಪ್ಪು ಕಟ್ಟಿಸಿದ್ದು, ನಮ್ಮ ಮನೆಯಿಂದ ಸ್ವಲ್ಪವೇ ದೂರ ಎಂದಾಗ ನನಗೆ ಸಿಕ್ಕ ಮರ್ಯಾದೆ ಕೆಲಸದ ಕಡೆ ಇದುವರೆಗೆ ಸಿಕ್ಕಿಲ್ಲ. ಕುದುರೆಗಳಿಗಷ್ಟೇ ಬಣ್ಣ ಹಚ್ಚುವ ಒಬ್ಬ ನರ್ಸ್ ಇದ್ದಾರೆ; ಅವರಿಗೆ ಹಳೇಬೀಡಿನ ಕುದುರೆ ಸವಾರರ ಪಟ್ಟಿಕೆಯ ಫೋಟೋಗಳನ್ನೂ ಕೊಟ್ಟಿದ್ದೇನೆ. ಮುಂದಿನ ವರ್ಷ ಕಲ್ಲಿನ ಆ ದಂಡನ್ನೇ ಮಾಡೋಣವೇ ಎಂದು ಅವರು ಕೇಳುತ್ತಿದ್ದಾರೆ.

ಈಗ ನಿಮ್ಮಿಂದ ಆಗಬೇಕಾದ ಎರಡು ಕೆಲಸಗಳು. ಮೈಸೂರಿನಲ್ಲಿ ಓದುತ್ತಿರುವ ತಮ್ಮ ಬರುವ ಭಾನುವಾರ ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಗೆ ಹೋಗಿ, ಪಶ್ಚಿಮದ ಗೋಡೆಯ ಮೇಲಿರುವ ಪೊಳ್ಳಿಲೂರು ಯುದ್ಧದ ಚಿತ್ರದಲ್ಲಿ ಮೈಸೂರಿನ ಕಾಲಾಳುಗಳ ರುಮಾಲು, ನಡುಕಟ್ಟುಗಳ ಬಣ್ಣಗಳನ್ನು ಬರೆದುಕೊಂಡು ಬರಲಿ. ಫೋಟೋ ತೆಗೆಯಲು ಬಿಡದಿದ್ದರೆ ನೋಟ್‌ಬುಕ್ಕು ಸಾಕು. ಆ ಚಿತ್ರವನ್ನು ಮುಂದೆ ಹೊಸದಾಗಿ ಬರೆಸಿದ್ದುಂಟಾದ್ದರಿಂದ ಬಣ್ಣಗಳನ್ನು ಪೂರ್ತಿ ನಂಬುವ ಹಾಗಿಲ್ಲ, ಆದರೂ ಇಂಗ್ಲಿಷರ ಎರಡು ವಾಕ್ಯಗಳಿಗಿಂತ ಮೇಲು. ಎರಡನೆಯದು ಅಮ್ಮನಿಗೆ. ಮೈಸೂರಿನವರ ಬಾಣಗಳು, ಅಂದರೆ ಮದ್ದು ತುಂಬಿ ಬಿದಿರಿಗೆ ಕಟ್ಟಿದ ಕಬ್ಬಿಣದ ಕೊಳವೆಯ ರಾಕೆಟ್ಟುಗಳು, ನಮ್ಮ ಮಾದರಿಯಲ್ಲಿ ಇನ್ನೂ ತಯಾರಾಗಿಲ್ಲ. ಇಲ್ಲಿಯ ತಂತಿ ಬಿದಿರಿನ ಹಾಗೆ ಕಾಣುವುದಿಲ್ಲ. ತೆಂಗಿನ ಗರಿಯ ಕಡ್ಡಿಗಳ ತುದಿಯ ತೆಳುವಾದ ಭಾಗವನ್ನಷ್ಟೇ ಮುರಿದು, ಚೆನ್ನಾಗಿ ಒಣಗಿಸಿ, ಏಪ್ರಿಲ್ ಮಧ್ಯದಲ್ಲಿ ಇಲ್ಲಿಗೆ ಹೊರಡುವ ನನ್ನ ಗೆಳತಿಯ ಕೈಯಲ್ಲಿ ಕಾಫಿಪುಡಿಯ ಜೊತೆಗೆ ಕಳುಹಿಸಬೇಕು. ಪ್ರದರ್ಶನ ಮೇ ಮೊದಲ ವಾರ.

ಚಿಕ್ಕಪ್ಪ ಚಿಕ್ಕಮ್ಮನವರಿಗೆ ನನ್ನ ನಮಸ್ಕಾರಗಳನ್ನು ತಿಳಿಸಿರಿ.

ಇತಿ ನಿಮ್ಮ ಪ್ರೀತಿಯ ಮಗಳು